ಹಡಗಿನಿಂದ ಇಳಿದವರ ಉಡುಪು

"ಇದನ್ನ ಹಾಕಿಕೊಂಡು ನಮ್ಮಮ್ಮ ಹಡಗು ಇಳೀತಾನೇ ಇರಲಿಲ್ಲ!" ಎಂದು ಮಾರ್ಲೀನ್ ಮಾಸಲು ಕಂದು ಕೋಟನ್ನು ಕುರ್ಚಿಯ ಮೇಲೆ ಎಸೆದಳು.

ಟ್ರೀಸಾ ಹೊಲಿಗೆ ಮೆಷಿನ್ ನಿಲ್ಲಿಸಿದಳು. ಉಡುಪಿಯಲ್ಲಿ ಕಲಿತ ಹೊಲಿಗೆ ಅವಳನ್ನು ಲಂಡನ್ನಿನ ಅಕ್ಸ್‌ಬ್ರಿಡ್ಜ್ ಹತ್ತಿರದ ಈ ಸ್ಟುಡಿಯೋವರೆಗೆ ತಂದಿತ್ತು. ೧೯೯೮ರ ಆ ಬೇಸಿಗೆಯಲ್ಲಿ ಅಲ್ಲಿ ತಯಾರಾಗುತ್ತಿದ್ದುದು, ಐವತ್ತರ ದಶಕದಲ್ಲಿ ಜಮೈಕಾದಿಂದ ಲಂಡನ್ನಿಗೆ ಬಂದವರ ಕಥೆಯ ಟಿವಿ ಧಾರಾವಾಹಿ. ಅಂಥ ಮನೆತನದ ಮಗಳೇ ಆದ ಮಾರ್ಲೀನ್ ಅದರ ವಸ್ತ್ರವಿನ್ಯಾಸಕಿ. ವರ್ಷಗಟ್ಟಲೆ ಬಿಳಿಯರ ಕೈಕೆಳಗೆ ದುಡಿದ ಮೇಲೆ ಮೊದಲ ಸಲ ಪೂರ್ತಿ ಹೊಣೆ ಅವಳ ಪಾಲಿಗೆ ಬಂದಿತ್ತು. ಆದರೆ ಬಡವರು ಬಡವರ ಹಾಗೇ ಕಾಣಬೇಕೆಂದು ನಿರ್ದೇಶಕ ಹಟ ಹಿಡಿದಿದ್ದ. ಮರುದಿನವೇ ಶೂಟಿಂಗ್.

"ಇದ್ದದ್ದರಲ್ಲಿ ಒಳ್ಳೇದನ್ನೇ ಹಾಕಿಕೊಂಡು ಬಂದರು ನಮ್ಮವರು, ಟ್ರೀಸಾ. ಹ್ಯಾಟು, ಗ್ಲೌಸು, ಇಸ್ತ್ರಿಯ ಕಾಲರು. ನೀನು ಹೀಥ್ರೂನಲ್ಲಿ ಇಳಿದಾಗ ಏನು ಉಟ್ಟಿದ್ದೆ?"

"ಮದುವೆಯ ಕೆಂಪು ಸೀರೆ ಮಾರಾಯ್ರೆ! ಚಳಿಗೆ ಹಲ್ಲು ಕಟಕಟ. ಆದ್ರೂ ಸ್ವೆಟರ್ ಹಾಕ್ಲಿಲ್ಲ, ಜರಿ ಮುಚ್ಚಿಹೋಗ್ತದಲ್ಲ!"

ಮಾರ್ಲೀನ್ ಬಿದ್ದುಬಿದ್ದು ನಕ್ಕಳು. ನಗುತ್ತಲೇ ಕಪಾಟಿನಿಂದ ಹಳದಿ ಉಣ್ಣೆಯ ಬಟ್ಟೆ ಎಳೆದು, ಅಳತೆ ನೋಡಿಸಲು ಬಂದು ನಿಂತಿದ್ದ ನಾಯಕಿ ಪಾತ್ರದ ನಟಿ ಗ್ಲೋರಿಯಾಳ ಹೆಗಲಿಗೆ ಹೊದಿಸಿದಳು. ಆಗಷ್ಟೇ ಕಳಚಿದ್ದ ಕಂದು ಕೋಟಿನಲ್ಲಿ ಮಂಕಾಗಿದ್ದ ಹುಡುಗಿಯ ಕಪ್ಪು ಮುಖ ದೀಪ ಹಚ್ಚಿದಂತೆ ಬೆಳಗಿತು.

"ನಿರ್ದೇಶಕ ಬೇಡ ಅಂದ್ರೆ?" ಎಂದಳು ಟ್ರೀಸಾ.

"ನನ್ನನ್ನ ಮನೆಗೆ ಕಳಿಸ್ತಾನೆ. ನಿನ್ನನ್ನೂ ಕಳಿಸಬಹುದು."

ಟ್ರೀಸಾ ಹಳದಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು. ಕೈ ಚಾಚಿದಳು. "ಕತ್ತರಿ ಕೊಡಿ."

ಮಾರನೆಯ ಬೆಳಿಗ್ಗೆ ಹಲಗೆಯಲ್ಲಿ ಕಟ್ಟಿದ ಹಡಗಿನ ಮೆಟ್ಟಿಲ ಮೇಲೆ ಗ್ಲೋರಿಯಾ ಆ ಹಳದಿ ಕೋಟಿನಲ್ಲಿ ನಿಂತಾಗ ಸೆಟ್ಟಿನ ಗದ್ದಲ ತಾನಾಗಿಯೇ ಅಡಗಿತು. ನಿರ್ದೇಶಕನ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವನು, ಕ್ಯಾಮೆರಾಮನ್ ಕೈಸನ್ನೆ ಮಾಡಿ ಕರೆದದ್ದಕ್ಕೆ ಹೋಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟ. ಬಹಳ ಹೊತ್ತು ನೋಡಿದ.

"ಮಾರ್ಲೀನ್," ಎಂದ ಕೊನೆಗೆ, "ಉಳಿದವರಿಗೂ ಹೀಗೇ ಮಾಡೋದಕ್ಕಾಗುತ್ತಾ?"

"ಆಗುತ್ತೆ!"

ಮಾರ್ಲೀನ್, ಟ್ರೀಸಾ ಇಬ್ಬರೂ ಕೈ ಕೈ ಹಿಡಿದು ಬಟ್ಟೆಗಳ ಕೋಣೆಗೆ ಓಡಿದರು. ಹ್ಯಾಟಿನ ಪೆಟ್ಟಿಗೆಗಳು ತೆರೆದವು, ಇಸ್ತ್ರಿಯ ಹಬೆ ಎದ್ದಿತು, ಟ್ರೀಸಾ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಹಾಡು ಗುನುಗಿದಳು. ಗುಂಪಿನ ಪಾತ್ರಕ್ಕೆ ಬ್ರಿಕ್ಸ್‌ಟನ್ನಿನಿಂದ ಬಂದಿದ್ದ, ಹಿಂದೆ ತಾನೇ ಅಂಥ ಹಡಗಿನಿಂದ ಇಳಿದಿದ್ದ ಮುದುಕನೊಬ್ಬನ ತಲೆಗೆ ಮಾರ್ಲೀನ್ ಬೂದು ಹ್ಯಾಟನ್ನು ನೆಟ್ಟಗೆ ಇಟ್ಟಳು. ಅವನು ಕನ್ನಡಿ ನೋಡಿದ. ಎರಡು ಬೆರಳಲ್ಲಿ ಅಂಚು ಹಿಡಿದು, ಮೆಲ್ಲಗೆ ಒಂದು ಕಣ್ಣಿನತ್ತ ಓರೆ ಮಾಡಿಕೊಂಡ.