ಸೈಮಾ ಕೊಡಿಸಿದ ಪಿಸ್ತೂಲು

ಶನಿವಾರ ಆರ್ವಿಡ್ ಲಂಪಿಯ ಮಗಳು ಕರೀನ್ ಅಪ್ಪನ ಗೆಳೆಯ ಲೈಲ್ ಟ್ರೆಗಿಯರ್‌ಗೆ ಫೋನ್ ಮಾಡಿದಳು.

"ಅಪ್ಪನ ಹತ್ರ ಇರೋ ಆ ಪಿಸ್ತೂಲನ್ನ ಹೇಗಾದ್ರೂ ಮಾಡಿ ಕೊಂಡ್ಕೊಂಬಿಡಿ ಅಂಕಲ್. ಅಮ್ಮ ಹೋದ್ಮೇಲೆ ಅವ್ರು ಸರಿಯಾಗಿ ಊಟಾನೂ ಮಾಡ್ತಿಲ್ಲ. ಜೀವಕ್ಕೇನಾದ್ರೂ ಮಾಡ್ಕೊಂಡ್ರೆ ಅಂತ ಭಯ."

ಮಿಷಿಗನ್ನಿನ ಉತ್ತರದ ತುದಿಯ ಆ ಊರಲ್ಲಿ ಲೈಲ್‌ನದು ಬಂದೂಕಿನ ಅಂಗಡಿ. ದೀರ್ಘ ಚಳಿಗಾಲದಲ್ಲಿ ಅಂಥ ಸಾವುಗಳಾದದ್ದು ಅವನಿಗೆ ಗೊತ್ತಿತ್ತು. ಆದರೆ ಅಲ್ಲಿ ಒಬ್ಬನ ಮನೆಗೆ ಹೋಗಿ ನಿನ್ನ ಬಂದೂಕು ಕೊಡು ಎನ್ನುವುದೂ ಒಂದೇ, ನಿನಗೆ ಬುದ್ಧಿ ನೆಟ್ಟಗಿಲ್ಲ ಎನ್ನುವುದೂ ಒಂದೇ. ಮಾರುತ್ತೀಯಾ ಎಂದು ಕೇಳಿದರೆ ಮರ್ಯಾದೆ ಉಳಿಯುತ್ತದೆ.

ಪಿಸ್ತೂಲು ಪೂರ್ತಿ ಉಕ್ಕಿನದು, ಭಾರದ್ದು. ಮದುವೆಯಾದ ಹೊಸದರಲ್ಲಿ ಆರ್ವಿಡ್‌ನ ಹೆಂಡತಿ ಸೈಮಾ ಶಾಲೆಯ ಅಡುಗೆಮನೆಯ ಸಂಬಳ ಕೂಡಿಸಿ ಗಂಡನಿಗೆ ಕೊಡಿಸಿದ್ದಳು. ಊರಿನ ಬಂದೂಕು ಕ್ಲಬ್ಬಿನ ಗುರಿ ಸ್ಪರ್ಧೆಗಳಲ್ಲಿ ಇಬ್ಬರೂ ಅದನ್ನೇ ಬಳಸುತ್ತಿದ್ದರು. ಅವಳ ಗುರಿಯೇ ವಾಸಿ. ಈಗ ಕಪ್ಪು ಬಣ್ಣ ಸವೆದು ಅಂಚುಗಳು ಬೆಳ್ಳಗಾಗಿದ್ದವು. ಲೈಲ್ ಎಷ್ಟು ಸಲ ಬೆಲೆ ಕೇಳಿದ್ದರೂ ಆರ್ವಿಡ್ ನಕ್ಕು ಸುಮ್ಮನಾಗುತ್ತಿದ್ದ.

ಭಾನುವಾರ ಮಧ್ಯಾಹ್ನ ಲೈಲ್ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿಗಳೊಂದಿಗೆ ಆರ್ವಿಡ್‌ನ ಮನೆಗೆ ಬಂದ.

"ಕ್ಯಾರೆಟ್ ಹಾಕಿಸಿದ್ದೀಯಾ?" ಎಂದ ಆರ್ವಿಡ್.

"ಅದು ನಿಮ್ಮ ಫಿನ್‌ಲ್ಯಾಂಡಿನೋರ ಹಾಳು ಅಭ್ಯಾಸ. ನಮ್ಮಜ್ಜಿ ಕ್ಯಾರೆಟ್ಟನ್ನ ಮೊಲಕ್ಕೆ ಹಾಕ್ತಿದ್ಲು."

"ಅದಕ್ಕೇ ಮೊಲದ ಕಣ್ಣು ಚೆನ್ನಾಗಿತ್ತು, ನಿಂಗೆ ಮಾತ್ರ ಜನ್ಮದಲ್ಲಿ ಗುರಿ ತಾಗ್ಲಿಲ್ಲ."

ಇಬ್ಬರೂ ನಕ್ಕರು. ಆದರೆ ಆರ್ವಿಡ್ ತನ್ನ ಪ್ಯಾಸ್ಟಿಯನ್ನು ಮುಟ್ಟಲಿಲ್ಲ.

"ಕರೀನ್ ಕಳಿಸಿದ್ಲಾ?"

"ಹೂಂ. ಪಿಸ್ತೂಲು ಮಾರ್ತೀಯೇನೋ?"

"ಮಾರಿದ್ರೆ ಸೈಮಾನ ಇನ್ನೊಂದ್ಸಲ ಮಣ್ಣು ಮಾಡಿದ ಹಾಗೆ ಕಣೋ. ಇಟ್ಕೊಂಡ್ರೆ..."

"ಒಂದ್ಸಲ ನೋಡ್ತೀನಿ, ಕೊಡು."

ಆರ್ವಿಡ್ ಎದ್ದು ಮಲಗುವ ಕೋಣೆಯಿಂದ ಅದನ್ನು ತಂದು ಗೆಳೆಯನ ಕೈಗಿಟ್ಟ. ಲೈಲ್‌ಗೆ ತಕ್ಷಣ ಏನೋ ತಪ್ಪಿದೆ ಅನ್ನಿಸಿತು. ಅವರಲ್ಲಿ ಪಿಸ್ತೂಲನ್ನು ಇನ್ನೊಬ್ಬರಿಗೆ ಕೊಡುವವರು ಅದನ್ನು ತೆರೆದು, ಖಾಲಿಯೆಂದು ತೋರಿಸಿಯೇ ಕೊಡಬೇಕು. ಕ್ಲಬ್ಬಿನಲ್ಲಿ ಆ ನಿಯಮ ಕಾಯುತ್ತಿದ್ದವನೇ ಆರ್ವಿಡ್. ಒಮ್ಮೆ ಮರೆತದ್ದಕ್ಕೆ ಹೆಂಡತಿಯನ್ನೇ ಸ್ಪರ್ಧೆಯಿಂದ ಹೊರಗೆ ಕಳಿಸಿದ್ದ. ಈಗ ಅವನೇ ತೆರೆಯದೆ ಕೊಟ್ಟಿದ್ದ.

ಲೈಲ್ ನಳಿಗೆಯನ್ನು ನೆಲಕ್ಕೆ ತಿರುಗಿಸಿ ಗುಂಡು ತುಂಬುವ ಮ್ಯಾಗಜಿನ್ ತೆಗೆದ. ಖಾಲಿ. ಮೇಲಿನ ಭಾಗವನ್ನು ಹಿಂದಕ್ಕೆಳೆದಾಗ ನಳಿಗೆಯೊಳಗಿದ್ದ ಒಂದು ಗುಂಡು ಚಿಮ್ಮಿ ನೆಲಹಾಸಿನ ಮೇಲೆ ಬಿತ್ತು. ಸ್ಪರ್ಧೆಯ ದಿನ ಬಿಟ್ಟರೆ ಆ ಪಿಸ್ತೂಲಿಗೆ ಯಾವತ್ತೂ ಗುಂಡು ತುಂಬಿದ್ದಿಲ್ಲ.

ಇಬ್ಬರೂ ಅದನ್ನೇ ನೋಡಿದರು.

"ಸಾಯ್ಬೇಕು ಅನ್ಕೊಂಡಿದ್ದೀಯಾ ಆರ್ವಿಡ್?"

ಆರ್ವಿಡ್ ಕಿಟಕಿಯತ್ತ ತಿರುಗಿದ. "ದಿನಾ ಅಲ್ಲ," ಎಂದ. ಮತ್ತೆ ಇತ್ತ ತಿರುಗಿ, "ತಗೊಂಡ್ಹೋಗು. ಬೆಲೆ ನೀನೇ ಹೇಳು."

"ನಾನು ಕೊಳ್ಳಲ್ಲ."

"ಇಷ್ಟು ವರ್ಷ ಪ್ರಾಣ ತಿಂದ್ಯಲ್ಲೋ!"

"ಆವಾಗ ನಂಗೆ ಬೇಕಿತ್ತು. ಈಗ ನಂಗೆ ನೀನು ಬೇಕು. ಪಿಸ್ತೂಲು ನಿಂದೇ, ಅಂಗಡಿ ಕಪಾಟಿನಲ್ಲಿರತ್ತೆ. ಬೀಗದ ಕೈ ನನ್ ಹತ್ರ. ನೀನು ನಮ್ಮನೇಲಿರು. ನಾಳೆ ಡಾಕ್ಟ್ರನ್ನ ನೋಡೋಣ."

"ಕರೀನ್‌ಗೆ ಏನಂತ ಹೇಳ್ತೀಯಾ?"

"ಏನೂ ಇಲ್ಲ. ನೀನೇ ಹೇಳು. ನಾನು ಪಕ್ಕದಲ್ಲಿ ಕೂತಿರ್ತೀನಿ."

ಆರ್ವಿಡ್ ಎದ್ದು ನಡುಮನೆಯ ಎತ್ತರದ ಕಪಾಟಿನ ಕಡೆ ಕೈ ತೋರಿಸಿದ.

"ಅಲ್ಲಿ ಮೇಲೆ ಜಿಂಕೆ ಬೇಟೆ ರೈಫಲ್ ಇದೆ. ಮಾರಿದೆ ಅಂತ ಕರೀನ್‌ಗೆ ಸುಳ್ಳು ಹೇಳಿದ್ದೆ. ಅದನ್ನೂ ತಗೊಂಡ್ಹೋಗು. ನನ್ ಕೈಗೆ ಕೊಡ್ಬೇಡ."

ಲೈಲ್ ಅಡುಗೆಮನೆಯಿಂದ ಕುರ್ಚಿ ಎಳೆದು ತಂದು ಹತ್ತಿದ. ಅದು ಅಲುಗದಂತೆ ಆರ್ವಿಡ್ ಎರಡೂ ಕೈಯಿಂದ ಹಿಡಿದುಕೊಂಡ.