ದುರಂತ ಮೇಷ್ಟ್ರ ಅಳಿಯ

"ತಪ್ಪು ನಂದೇ ಮಾವ. ಅದನ್ನ ನಾನು ಮುಚ್ಚಿಡಲ್ಲ," ಎಂದು ಅಳಿಯ ತಲೆ ತಗ್ಗಿಸಿದಾಗ, ಮೇಷ್ಟ್ರ ತಲೆ ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಆಡಿತು. ಉತ್ತರಪತ್ರಿಕೆಯ ಮೊದಲ ಸಾಲು ಚೆನ್ನಾಗಿದ್ದರೆ ಅವರ ತಲೆ ಆಡುವುದು ಹಾಗೆಯೇ. ವರ್ಷಾನುಗಟ್ಟಲೆ ತಿದ್ದಿ ತಿದ್ದಿ ಬಂದ ಚಾಳಿ, ಮನೆಗೆ ಬಂದ ಅಳಿಯನ ಮುಂದೆಯೂ ಬಿಡಲಿಲ್ಲ.

ಅಳಿಯ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದಿದ್ದ. ಜೊತೆಗೆ ಅವನ ಚಿಕ್ಕಪ್ಪ, ಮರದ ಡಿಪೋ ಇಟ್ಟುಕೊಂಡಿರುವ ದಪ್ಪನೆಯ ಮನುಷ್ಯ, ಬೆತ್ತದ ಕುರ್ಚಿ ಕಿರುಗುಟ್ಟದ ಹಾಗೆ ತುದಿಯಲ್ಲಿ ಕೂತು ಆಗಾಗ ಗಡಿಯಾರ ನೋಡುತ್ತಿದ್ದ. ಮಗಳು ಒಳಗಿನ ಕೋಣೆಯಲ್ಲಿದ್ದಳು. ಕಳೆದ ವಾರ ಹೇಳದೆ ಕೇಳದೆ ಒಬ್ಬಳೇ ತವರಿಗೆ ಬಂದಿದ್ದಳು. ಗಂಡ ಹೊಡೆದಿದ್ದ. ಇದೇ ಮೊದಲ ಸಲವೇನಲ್ಲ ಎಂಬುದೂ ಆಮೇಲೆ ಗೊತ್ತಾಯಿತು. ಮುಂದೇನು ಎಂದು ತಾಯಿ ಕೇಳಿದರೆ, "ಅಪ್ಪ ನೋಡಿ ಕೊಟ್ಟ ಮನೆ. ಅಪ್ಪ ಹೋಗು ಅಂದ್ರೆ ಹೋಗ್ತೀನಿ, ಇರು ಅಂದ್ರೆ ಇರ್ತೀನಿ," ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಮೇಷ್ಟ್ರು ಹೋಗು ಎಂದೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. "ಅವನೂ ಬರಲಿ, ಅವನ ಮಾತೂ ಕೇಳೋಣ," ಎಂದರು.

ಕಾಲೇಜಿನಲ್ಲಿ ಅವರಿಗೆ 'ದುರಂತ ಮೇಷ್ಟ್ರು' ಎಂದು ಹೆಸರು. ಇಟ್ಟವರು ಯಾರೋ ಹಳೆಯ ಕಿಡಿಗೇಡಿಗಳು. ಈಗ ಅಟೆಂಡರೂ ಹಾಗೇ ಅನ್ನುತ್ತಾನೆ, ಮೇಷ್ಟ್ರಿಗೂ ಒಳಗೊಳಗೇ ಹೆಮ್ಮೆ. ಅವರು ವರ್ಷ ವರ್ಷವೂ ಪಾಠ ಹೇಳುವುದು ಒಂದೇ ಹಳೆಯ ದುರಂತ ನಾಟಕ. ಅದರಲ್ಲೊಬ್ಬ ಸೇನಾಪತಿ. ಶೂರ, ಉದಾರಿ, ಕೊಟ್ಟ ಮಾತಿಗೆ ತಪ್ಪದವನು. ಇರುವುದು ಒಂದೇ ಐಬು, ಮುಂಗೋಪ. ಯುದ್ಧದ ನಡುವೆ ರಥ ತಿರುಗಿಸುವುದು ಒಂದು ಗಳಿಗೆ ತಡವಾಯಿತೆಂದು ತನ್ನ ಸಾರಥಿಯನ್ನೇ ಕಡಿದುಹಾಕುತ್ತಾನೆ. ಆಮೇಲೆ ಹೆಣದ ಮುಂದೆ ಕೂತು ಅಳುತ್ತಾನೆ. ಆ ಅಳು ಪುಟಗಟ್ಟಲೆ ಇದೆ; ಸುಳ್ಳೇಕೆ ಹೇಳಬೇಕು, ಕಲ್ಲೂ ಕರಗುವ ಹಾಗಿದೆ. ಅದನ್ನು ಓದುವಾಗ ಮೇಷ್ಟ್ರು ಪ್ರತಿವರ್ಷವೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. "ದೊಡ್ಡ ಮನುಷ್ಯನ ಒಳಗಿನ ಬಿರುಕು ನೋಡ್ರಪ್ಪ. ಅವನನ್ನ ಬೈಬೇಡಿ, ಅವನ ಒಳಗೆ ಹೋಗಿ ನಿಂತ್ಕೊಂಡು ನೋಡಿ," ಎನ್ನುತ್ತಾರೆ. ಪರೀಕ್ಷೆಯಲ್ಲಿ 'ಸೇನಾಪತಿಯ ಪಾತ್ರವನ್ನು ವಿಮರ್ಶಿಸಿ' ಎಂಬ ಪ್ರಶ್ನೆ ಬರದೆ ಇದ್ದದ್ದೇ ಇಲ್ಲ. ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಆ ಸಾರಥಿಗೆ ಹೆಂಡ್ತಿ ಮಕ್ಕಳು ಇರ್ಲಿಲ್ವಾ?" ಎಂದು ಕೇಳಿದಳು. ಕ್ಲಾಸು ಘೊಳ್ಳೆಂದಿತು. "ನಾಟಕದಲ್ಲಿ ಇಲ್ಲದ ಸಂಸಾರ ನಮಗ್ಯಾಕಮ್ಮ, ಕೂತ್ಕೋ," ಎಂದು ಮೇಷ್ಟ್ರೂ ನಕ್ಕರು.

ಅಳಿಯ ಅವರ ಹಳೆಯ ವಿದ್ಯಾರ್ಥಿ. ಬರೀ ವಿದ್ಯಾರ್ಥಿಯಲ್ಲ, ಸೇನಾಪತಿಯ ಪ್ರಶ್ನೆಗೆ ಅವರ ಸರ್ವಿಸಿನಲ್ಲೇ ಅತ್ಯುತ್ತಮ ಉತ್ತರ ಬರೆದವನು. ಅದನ್ನು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ, ಗಣಿತದವರ ಕಣ್ಣಲ್ಲೂ ನೀರು ತರಿಸಿದ್ದರು. ಮುಂದೆ ಅದೇ ಹುಡುಗ ಒಳ್ಳೆಯ ಕೆಲಸ ಹಿಡಿದು ಸಂಬಂಧ ಕೇಳಿಕೊಂಡು ಬಂದ. ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ದಿನಾ ನಾಲ್ಕು ಜನರ ಗಾಯ ತೊಳೆಯುವವರು. "ರೀ, ಹುಡುಗನ ಸ್ವಭಾವ ಒಂಚೂರು ವಿಚಾರಿಸಿ. ಅಕ್ಕಪಕ್ಕದವರನ್ನ ಕೇಳಿ," ಎಂದರು. ಮೇಷ್ಟ್ರಿಗೆ ನಗು ಬಂತು. "ವಿಚಾರಿಸೋದೇನೇ? ಕೊಲೆ ಮಾಡಿದವನ ಮನಸ್ಸನ್ನೇ ಅಷ್ಟು ಮೃದುವಾಗಿ ಅರ್ಥ ಮಾಡ್ಕೊಂಡವನು, ಕಟ್ಕೊಂಡವಳ ಮನಸ್ಸು ಅರ್ಥ ಮಾಡ್ಕೊಳ್ಳಲ್ವಾ?" ಎಂದರು. ಅಯ್ಯೋ, ಬೀದಿಯಲ್ಲಿ ಹಣ್ಣು ಕೊಳ್ಳುವವರು ಕೂಡ ಒಂದು ಚೂರು ಬಾಯಿಗೆ ಹಾಕಿ ನೋಡುತ್ತಾರೆ! ಇವರು ಕೈಬರಹ ನೋಡಿ ಮಗಳನ್ನು ಕೊಟ್ಟರು.

"ಹೊರಗಡೆ ನನ್ನನ್ನ ಯಾರು ಬೇಕಾದ್ರೂ ಕೇಳಿ ಮಾವ," ಅಳಿಯ ಮುಂದುವರಿಸಿದ. "ಆಫೀಸಲ್ಲಿ ಒಬ್ಬರಿಗೂ ಎದುರು ಮಾತಾಡಿದವನಲ್ಲ. ಎಲ್ಲಾ ನುಂಗ್ಕೋತೀನಿ. ನುಂಗಿದ್ದೆಲ್ಲ ಎಲ್ಲೋ ಒಂದು ಕಡೆ ಒಡೀಬೇಕಲ್ಲ. ಅದು ನನ್ನ ಒಳಗಿನ ಬಿರುಕು. ನಂಗೇ ಗೊತ್ತು. ಗೊತ್ತಿದ್ದೂ ತಡೆಯಕ್ಕಾಗಲ್ಲ, ಅದೇ ನನ್ನ ದೌರ್ಭಾಗ್ಯ. ಅವತ್ತು ಅವಳು ಹೊರಟುಹೋದ ಮೇಲೆ ಅಡುಗೆಮನೆ ನೆಲದ ಮೇಲೆ ಕೂತು ಅತ್ತಿದ್ದೀನಿ. ನನ್ನ ಕೈಯನ್ನ ನಾನೇ ನೋಡ್ಕೊಂಡು, ಇದೇ ಕೈಯಾ, ಇದೇ ಕೈಯಾ ಅಂತ..."

ಅವನ ಧ್ವನಿ ಒಡೆಯಿತು. ಚಿಕ್ಕಪ್ಪ ಅವನ ಬೆನ್ನು ತಟ್ಟಿದ.

"ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ, ಬೀಗ್ರೇ. ಇದನ್ನ ಇಷ್ಟು ಎಳೀಬಾರ್ದು. ಗಂಡಸಾಗಿ ಕಣ್ಣೀರು ಹಾಕ್ತಿದಾನೆ, ಹೊಟ್ಟೆಗೆ ಹಾಕ್ಕೊಳ್ಳಿ. ಈ ಬಸ್ಸು ತಪ್ಪಿದ್ರೆ ಮತ್ತೆ ಕತ್ತಲಾದ ಮೇಲೇ ಬಸ್ಸು."

ಒಳಗಿನಿಂದ ಮೇಷ್ಟ್ರ ಹೆಂಡತಿ ಟ್ರೇ ಹಿಡಿದು ಬಂದರು. ಚಹದ ಲೋಟಗಳನ್ನು ಒಂದೊಂದಾಗಿ ಇಟ್ಟರು ಎನ್ನುವುದಕ್ಕಿಂತ ಕುಕ್ಕಿದರು ಎನ್ನಬೇಕು. "ನಿಮ್ಮ ಶಿಷ್ಯರು ಚೆನ್ನಾಗಿ ಒಪ್ಪಿಸಿದ್ರು," ಎಂದರು ಗಂಡನಿಗೆ. "ನೀವು ಮಾರ್ಕ್ಸ್ ಹಾಕೋದು ಯಾವಾಗ?"

"ನೀನು ಸುಮ್ನಿರೇ," ಎಂದರು ಮೇಷ್ಟ್ರು. ನಿಜವಾಗಿಯೂ ಅವರ ಗಂಟಲು ಕಟ್ಟಿತ್ತು. ಅಳಿಯನ ಮೇಲೆ ಮರುಕ ಬಂದಿತ್ತು. ಎಷ್ಟು ಚೆಂದದ ಹುಡುಗ, ತನ್ನನ್ನು ತಾನು ಎಷ್ಟು ಬಲ್ಲವನು, ಪಾಪ, ಎಂಥ ಸಂಕಟ ಅನುಭವಿಸುತ್ತಿದ್ದಾನೆ! ಇಷ್ಟು ತಿಳಿದವನು ತಿದ್ದಿಕೊಳ್ಳದೆ ಇರುತ್ತಾನೆಯೇ? ಆಯಿತಪ್ಪ, ಕರಕೊಂಡು ಹೋಗು, ಚೆನ್ನಾಗಿ ನೋಡಿಕೋ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣು ಮಂಜಾಯಿತೆಂದು ಕನ್ನಡಕ ತೆಗೆದರು.

ತೆಗೆದ ಕೈ ಅಲ್ಲೇ ನಿಂತಿತು. ಕನ್ನಡಕ ತೆಗೆಯುವುದು ಅವರಿಗೆ ಎಲ್ಲಿ ರೂಢಿ ಎಂದು ಅವರಿಗೇ ಗೊತ್ತು. 'ಇದೇ ಕೈಯೇ' ಎಂದು ಸೇನಾಪತಿ ತನ್ನ ಕೈಯನ್ನು ನೋಡಿಕೊಳ್ಳುವ ಸಾಲು ಬಂದಾಗ. ಹಾಗಾದರೆ ಇವನು ಪಾಠ ಒಪ್ಪಿಸುತ್ತಿದ್ದಾನೆಯೇ? ಇರಲಾರದು. ಆ ಕಣ್ಣೀರು ನಿಜದ್ದೇ. ಕಣ್ಣ ಕೆಳಗಿನ ಕಪ್ಪೂ ನಿಜದ್ದೇ. ಅತ್ತಿರುತ್ತಾನೆ. ಆದರೂ ಬಾಯಿಪಾಠದ ವಾಸನೆ ಒಮ್ಮೆ ಮೂಗಿಗೆ ಬಡಿದ ಮೇಲೆ ಮೇಷ್ಟ್ರಿಗೆ ಸಮಾಧಾನವಿಲ್ಲ. ಗೈಡು ನೋಡಿ ಉರು ಹೊಡೆದವರನ್ನು ಹಿಡಿಯಲು ಅವರ ಹತ್ತಿರ ಒಂದು ಹಳೆಯ ಉಪಾಯವಿತ್ತು. ದೊಡ್ಡ ದೊಡ್ಡ ಮಾತಿನ ನಡುವೆ ಒಂದು ಸಣ್ಣ ಪ್ರಶ್ನೆ ಹಾಕುವುದು, ರಥಕ್ಕೆ ಕಟ್ಟಿದ ಕುದುರೆಯ ಬಣ್ಣ ಯಾವುದು ಎನ್ನುವಂಥದ್ದು. ಪುಸ್ತಕ ತೆರೆದವನು ಥಟ್ಟನೆ ಹೇಳುತ್ತಾನೆ.

"ಅವತ್ತು ಅವಳ ಯಾವ ಕೈಗೆ ಏಟಾಯ್ತು?" ಎಂದು ಕೇಳಿದರು.

ಅಳಿಯ ಮುಖ ಎತ್ತಿದ. "ಯಾವ ಕೈ... ಅಂದ್ರೆ?"

"ಏಟು ಬಿದ್ದ ಕೈಯಪ್ಪ. ಎಡವೋ, ಬಲವೋ?"

ಅಳಿಯ ಚಿಕ್ಕಪ್ಪನ ಮುಖ ನೋಡಿದ, ಚಿಕ್ಕಪ್ಪ ಗಡಿಯಾರ ನೋಡಿದ. "ಆಗಿನ ನನ್ನ ಸ್ಥಿತಿಯಲ್ಲಿ ನಂಗೆ ಅದೆಲ್ಲ... ಎಡಗೈ. ಎಡಗೈ ಇರ್ಬೇಕು ಸರ್," ಎಂದ. ಅಷ್ಟು ಹೊತ್ತೂ ಇದ್ದ 'ಮಾವ' ಹೋಗಿ 'ಸರ್' ಬಂದದ್ದು ಅವನ ಗಮನಕ್ಕೆ ಬರಲಿಲ್ಲ.

"ಯಾವ ಕೈ ಆದ್ರೇನು ಬೀಗ್ರೇ, ಸರಿಹೋಗುತ್ತೆ ಬಿಡಿ," ಎಂದ ಚಿಕ್ಕಪ್ಪ.

ಮೇಷ್ಟ್ರು ಸರಿ ಎನ್ನಲೋ ತಪ್ಪು ಎನ್ನಲೋ ಬಾಯಿ ತೆರೆದರು. ಉತ್ತರ ಅವರಿಗೂ ಗೊತ್ತಿರಲಿಲ್ಲ.

ಮಗಳು ತವರಿಗೆ ಬಂದ ದಿನ ಶಾಲು ಹೊದ್ದಿದ್ದಳು. ಅವತ್ತಿನಿಂದ ಮೇಷ್ಟ್ರು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ತಮ್ಮ ಕೋಣೆ ಸೇರಿದ್ದರು. ಇವರು ಊಟ ಮಾಡಿ ಎದ್ದ ಮೇಲೆ ಅವಳು ಊಟಕ್ಕೆ ಬರುತ್ತಿದ್ದಳು. "ಕೈಗೆ ಪಟ್ಟಿ ಕಟ್ಟಿದ್ದೀನಿ," ಎಂದು ಹೆಂಡತಿ ಹೇಳಿದಾಗ ಅವರು ಕೇಳಿದ್ದು ಬೇರೆಯೇ. ಯಾಕೆ ಹಾಗೆ ಮಾಡಿದ? ಏನಾದರೂ ಮಾತಿಗೆ ಮಾತು ಬೆಳೆಯಿತೇ? ಆಗ ಅವನ ಮನಸ್ಸಿನಲ್ಲಿ ಏನಿತ್ತಂತೆ? ವಾರವಿಡೀ ಅವರು ಅಳಿಯನ ಒಳಗೆ ಹೋಗಿ ನಿಂತು ನೋಡಿದ್ದರು. ಪಕ್ಕದ ಕೋಣೆಗೆ ಮಾತ್ರ ಹೋಗಿರಲಿಲ್ಲ.

ಹೆಂಡತಿಯ ಮುಖ ನೋಡಿದರು. ಆಕೆ ಖಾಲಿ ಟ್ರೇಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಹೇಳಬಹುದಿತ್ತು, ಹೇಳಲಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎದ್ದರು.

"ಸರ್, ನನ್ನ ಮಾತು ಇನ್ನೂ ಮುಗಿದಿಲ್ಲ," ಎಂದ ಅಳಿಯ ಹಿಂದಿನಿಂದ.

ಕೋಣೆಯ ಬಾಗಿಲು ದೂಡಿದರು. ಮಗಳು ಸೀರೆ ಬದಲಿಸಿ ಹೊರಡುವವಳ ಹಾಗೆ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬ್ಯಾಗು, ಬಟ್ಟೆ ತುಂಬಿತ್ತು, ಜಿಪ್ಪು ಅರ್ಧಕ್ಕೆ ನಿಂತಿತ್ತು. ಹೊರಗಿನ ಮಾತೆಲ್ಲ ಇಲ್ಲಿಗೆ ಕೇಳುತ್ತಿತ್ತು. ಅಪ್ಪನ ಗಂಟಲು ಕಟ್ಟಿದ್ದೂ ಕೇಳಿರಬೇಕು. ಆ ಗಂಟಲನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಅದು ಕಟ್ಟಿದ ಮೇಲೆ ತೀರ್ಪು ಯಾರ ಕಡೆ ಎಂದೂ ಬಲ್ಲಳು.

"ಹೊರಡ್ಲಾ ಅಪ್ಪ?" ಎಂದಳು. ಧ್ವನಿಯಲ್ಲಿ ದೂರು ಇರಲಿಲ್ಲ.

"ಕೈ ತೋರ್ಸು ಮಗಳೇ."

"ಯಾವುದು?" ಎಂದು ಕೇಳಿದಳು.

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಸೆರಗು ಸರಿಸಿದಳು. ಬಲ ಮಣಿಕಟ್ಟಿಗೆ ಹೆಬ್ಬೆರಳಿನ ಬುಡದವರೆಗೂ ಬಿಗಿಯಾಗಿ ಸುತ್ತಿದ ಪಟ್ಟಿ. ಸುತ್ತಿದ ನೇರ್ಪು ನೋಡಿದರೆ ತಾಯಿಯ ಕೈಕೆಲಸ ಎಂದು ಗೊತ್ತಾಗುತ್ತಿತ್ತು. ಆಮೇಲೆ ರವಿಕೆಯ ಎಡತೋಳನ್ನು ಮೇಲೆ ಎಳೆದಳು. ಮೊಣಕೈಯ ಮೇಲೆ ನಾಲ್ಕು ಬೆರಳಿನ ಗುರುತು, ಅಂಚು ಹಳದಿಗೆ ತಿರುಗಿ ನಡುವೆ ಇನ್ನೂ ನೀಲಿ. ಐದನೆಯದು ಹಿಂದುಗಡೆ ಇರಬೇಕು. ಅದನ್ನು ತೋರಿಸಲು ಅವಳು ಕೈ ತಿರುಗಿಸಲು ಹೋದಳು, ನೋವಾಗಿ ಬಿಟ್ಟಳು.

ಮೇಷ್ಟ್ರು ನೋಡಿದರು. ನಾಚಿಕೆಯಾಯಿತು, ಹೊರಗೆ ಕೂತವನನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡಿದ್ದಕ್ಕೆ ಮೈಯೆಲ್ಲ ಹಿಡಿಯಾಗುವಷ್ಟು ನಾಚಿಕೆಯಾಯಿತು. ಅವಳ ತಲೆಯ ಮೇಲೆ ಕೈ ಇಡಲು ಹೋಗಿ, ಅಲ್ಲೂ ಎಲ್ಲಿ ನೋವಿದೆಯೋ ಎಂದು ಹೆದರಿ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬಾಗಿಲಿಗೆ ಬಂದು ನಿಂತರು.

"ಅವಳು ಬರಲ್ಲ," ಎಂದರು.

ಚಿಕ್ಕಪ್ಪನ ಲೋಟ ಬಾಯಿಯ ಹತ್ತಿರವೇ ನಿಂತಿತು. "ಬೀಗ್ರೇ, ದುಡುಕಬೇಡಿ. ನೀವು ತಿಳಿದವರು, ಎರಡೂ ಕಡೆ ಅಳೆದು ಸುರಿದು ನೋಡಿ..."

"ಬರಲ್ಲ ಅಂದ್ನಲ್ಲ."

"ಸರ್," ಅಳಿಯ ಎದ್ದುನಿಂತಿದ್ದ. ಈಗ ಅವನ ಕಣ್ಣಲ್ಲಿ ನೀರಿರಲಿಲ್ಲ, ದವಡೆ ಬಿಗಿದಿತ್ತು. "ಬೇರೆಯವರು ಬಿಡಿ. ನೀವಾದ್ರೂ ನನ್ನನ್ನ ಅರ್ಥ ಮಾಡ್ಕೋತೀರಿ ಅಂದ್ಕೊಂಡಿದ್ದೆ."

"ಅರ್ಥ ಆಯ್ತಪ್ಪ," ಎಂದರು ಮೇಷ್ಟ್ರು. "ಹೊರಡು."

ಅವರ ಹೆಂಡತಿ ಹೋಗಿ ಬೀದಿಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದ ಹಾಗೆ ಕಾಲಿನಿಂದ ಒತ್ತಿ ಹಿಡಿದು ನಿಂತರು. ಆ ಇಬ್ಬರೂ ಹೋಗುವುದನ್ನು ನೋಡಲು ಮೇಷ್ಟ್ರು ನಿಲ್ಲಲಿಲ್ಲ. ಮತ್ತೆ ಒಳಗೆ ಬಂದು ಮಂಚದ ಪಕ್ಕ ಕೂತರು. ಬ್ಯಾಗಿನ ಜಿಪ್ಪು ಹಿಂದಕ್ಕೆ ಎಳೆದು, ಮೇಲಿದ್ದ ಸೀರೆಯನ್ನು ತೆಗೆದರು. ಒಂದೇ ಕೈಯಲ್ಲಿ ಮಡಿಸಿದ್ದು, ಅಂಕುಡೊಂಕಾಗಿತ್ತು. ಅದನ್ನು ಹಿಡಿದುಕೊಂಡು ಗೋಡೆಯ ಬೀರುವಿನ ಮುಂದೆ ನಿಂತು, ಕೈಗೆ ಸಿಕ್ಕ ಗೂಡಿಗೆ ತುರುಕಲು ಹೋದರು.

"ಅಲ್ಲಲ್ಲ ಅಪ್ಪ. ಅದು ಮೇಲ್ಗಡೆ," ಎಂದಳು ಮಗಳು.

ಅವರು ಮೇಲಿನ ಗೂಡಿನಲ್ಲಿ ಇಟ್ಟು ಬಂದರು. ಹೊರಗೆ ಚಪ್ಪಲಿ ಮೆಟ್ಟುವ ಸದ್ದು, ಚಿಕ್ಕಪ್ಪನ ಗೊಣಗಾಟ, ಆಮೇಲೆ ಬಾಗಿಲ ಚಿಲಕದ ಸದ್ದು ಕೇಳಿಸಿತು. ಮೇಷ್ಟ್ರು ಬ್ಯಾಗಿನಿಂದ ಇನ್ನೊಂದು ಬಟ್ಟೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳಿಗೆ ತೋರಿಸಿದರು.

"ಇದು ಎಲ್ಲಿಗೆ?"

ಮಗಳು ಗದ್ದದಿಂದ ಕೆಳಗಿನ ಗೂಡನ್ನು ತೋರಿಸಿದಳು.