ಬೆನ್ನು ತಿರುಗಿಸಿ ನಿಂತವರು

ಆ ಕಟ್ಟಡದಲ್ಲಿ ಅವಳಿಗೆ ಬುಗುರಿ ಎಂದೇ ಹೆಸರು. ಇಟ್ಟವರು ಯಾರೋ ಗೊತ್ತಿಲ್ಲ, ಇಟ್ಟಿದ್ದು ಮಾತ್ರ ತಪ್ಪಿರಲಿಲ್ಲ. ಸಂಜೆ ಡ್ರೈಕ್ಲೀನಿಂಗ್ ಅಂಗಡಿಯಿಂದ ಬಂದವಳೇ, ಇಸ್ತ್ರಿಯ ಹಬೆಗೆ ಕೆಂಪೇರಿದ ಮುಖ ತೊಳೆದು, ಬೂಟು ಬಿಗಿದುಕೊಂಡು, ನಾಲ್ಕು ಮಹಡಿಯ ಆ ಕಟ್ಟಡದ ಸುತ್ತ ಓಡತೊಡಗುತ್ತಿದ್ದಳು. ದಿನವಿಡೀ ಒಂದೇ ಜಾಗದಲ್ಲಿ ನಿಂತು ಕಂಡವರ ಪ್ಯಾಂಟಿಗೆ ಗೆರೆ ಕೂರಿಸುವ ಕಾಲುಗಳಿಗೆ ಸಂಜೆಯಾದರೂ ತಮ್ಮದೇ ಒಂದು ಕೆಲಸ ಬೇಕಿತ್ತು.

ದೂರ ಹೋಗಿ ಓಡುವ ಹಾಗಿರಲಿಲ್ಲ. ಗಂಡ ಲಿಫ್ಟ್ ರಿಪೇರಿಯವನು. ಎಲ್ಲಿ ಯಾರು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೂ ಅವನ ಫೋನು ಬಡಿದುಕೊಳ್ಳುತ್ತಿತ್ತು, ಅವನು ಕೈಯಲ್ಲಿದ್ದ ತುತ್ತು ಬಿಟ್ಟು ಏಳುತ್ತಿದ್ದ. ಅತ್ತೆಗೆ ಮಂಡಿನೋವು; ಮೆಟ್ಟಿಲು ಇಳಿದರೆ ಹತ್ತುವುದು ದೊಡ್ಡ ಯಾತ್ರೆ. ಹಾಗಾಗಿ ಒಂಬತ್ತರ ಮಗಳನ್ನೂ ಐದರ ಮಗನನ್ನೂ ಗೇಟಿನ ಪಕ್ಕದ ಮೆಟ್ಟಿಲ ಮೇಲೆ ಕೂರಿಸಿ ಇವಳು ಸುತ್ತು ಹಾಕಬೇಕು. ಅರ್ಧ ಸುತ್ತು ಮಕ್ಕಳು ತನ್ನ ಕಣ್ಣ ಮುಂದೆ, ಉಳಿದರ್ಧ ಸುತ್ತು ದೇವರ ಕಣ್ಣ ಮುಂದೆ.

ಇದರಿಂದ ಮನೆಯಲ್ಲಿ ಒಂದು ಕಾನೂನು ತಾನಾಗಿ ಹುಟ್ಟಿತ್ತು. ಸುತ್ತು ಮುಗಿಯುವ ಮುಂಚೆ ಕೂಗಬಾರದು. ಮುಗಿದ ಮೇಲೆ ಅಮ್ಮ ಮೆಟ್ಟಿಲ ಹತ್ತಿರ ನಿಂತು ಒಂದು ಅಹವಾಲು ಕೇಳುತ್ತಾಳೆ. ಮೂಗು ಒರೆಸುವುದು, ಇರುವೆ ಕಚ್ಚಿದ ಕಡೆ ಊದುವುದು, ರಬ್ಬರು ಯಾರದ್ದೆಂದು ತೀರ್ಪು ಕೊಡುವುದು. "ಅಕ್ಕ ಸುಮ್‌ಸುಮ್ನೆ ನನ್ನೇ ನೋಡ್ತಾಳೆ" ಎಂಬುದೂ ಒಂದು ಮೊಕದ್ದಮೆ. ಒಂದು ಸುತ್ತು ಓಟ, ಒಂದು ಗಳಿಗೆ ಪಂಚಾಯಿತಿ. ಮೂರು ವರ್ಷ ಹೀಗೆಯೇ ನಡೆದಿತ್ತು.

ಅವಳಿಗೆ ಓಟದ ಹುಚ್ಚು ಹಿಡಿಸಿದವಳು ಮೇಲಿನ ಮನೆಯ ನರ್ಸಕ್ಕ. ಬೆಳೆದ ಮಕ್ಕಳ ತಾಯಿ, ಆದರೂ ಬಡಾವಣೆಯ ಹೆಂಗಸರ ಓಟದಲ್ಲಿ ವರ್ಷವೂ ಮೊದಲ ಮೂವರಲ್ಲಿ ಒಬ್ಬಳು.

"ನಿನ್ನ ಕಾಲು ಚೆನ್ನಾಗಿದೆ ಕಣೇ. ನಿಲ್ಲೋ ಚಾಳಿ ಮಾತ್ರ ಕೆಟ್ಟದ್ದು" ಎನ್ನುತ್ತಿದ್ದಳು ನರ್ಸಕ್ಕ.

"ನಾನೆಲ್ಲಿ ನಿಲ್ತೀನಿ ನರ್ಸಕ್ಕ? ಇವ್ರು ನಿಲ್ಲಿಸ್ತಾರೆ" ಎಂದು ಇವಳು ಮಕ್ಕಳ ಕಡೆ ಬೆರಳು ತೋರಿಸುತ್ತಿದ್ದಳು.

ಒಂದು ದಿನ ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ತರಗತಿಯಲ್ಲಿ ನಮ್ಮಮ್ಮ ಓಟಗಾರ್ತಿ ಎಂದಿದ್ದಳಂತೆ. ಏನು ಗೆದ್ದಿದ್ದಾಳೆ ಎಂದು ಯಾರೋ ಕೇಳಿದರಂತೆ.

"ಏನಾದ್ರೂ ಗೆದ್ದಿದ್ದೀಯಾಮ್ಮ?"

"ಇಲ್ಲ ಪುಟ್ಟಿ."

"ಒಂದ್ಸಲನೂ?"

ಅತ್ತೆ ಸೊಪ್ಪು ಬಿಡಿಸುತ್ತಾ ಬಾಯಿ ಹಾಕಿದರು. "ನಿಮ್ಮಮ್ಮ ಗೆಲ್ಲೋಕೆಲ್ಲಿ ಓಡ್ತಾಳೆ? ನಮ್ಮ ಕೈಯಿಂದ ತಪ್ಪಿಸ್ಕೊಳ್ಳೋಕೆ ಓಡ್ತಾಳೆ."

ಗಂಡ ನಕ್ಕ, ಮಗ ನಕ್ಕ, ಅವಳೂ ನಕ್ಕಳು. ಮಗಳು ನಗಲಿಲ್ಲ. ಆ ನಗದ ಮುಖ ಅವಳಿಗೆ ಮುಳ್ಳಿನಂತೆ ಚುಚ್ಚಿತು. ಈ ವರ್ಷ ಮೊದಲ ಮೂವರಲ್ಲಿ ತಾನಿರಬೇಕು, ಮಕ್ಕಳು ಅದನ್ನು ಕಣ್ಣಾರೆ ನೋಡಬೇಕು ಎಂದು ಅಲ್ಲೇ ತೀರ್ಮಾನಿಸಿದಳು. ಹೇಳಿದರೆ ನಗೆಪಾಟಲು ಎಂದು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಮಕ್ಕಳು ಏಳುವ ಮೊದಲು ಕಟ್ಟಡದ ಮೆಟ್ಟಿಲುಗಳನ್ನು ಹತ್ತಿ ಇಳಿದಳು. ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಲೇ ಹಿಮ್ಮಡಿ ಎತ್ತಿ ಇಳಿಸಿದಳು. "ಕಾಲಿಗೆ ಇರುವೆ ಹತ್ತಿದ್ಯಾ?" ಎಂದು ಅಂಗಡಿ ಯಜಮಾನ ಕೇಳಿದ. "ಇರುವೆ ಅಲ್ಲ ಸಾರ್, ಹಟ" ಎಂದಳು.

ಓಟದ ದಿನ ಗಂಡನೇ ತನ್ನ ಅಮ್ಮನನ್ನು ಮಡಚುವ ಕುರ್ಚಿಯ ಸಮೇತ ಪಾರ್ಕಿಗೆ ಕರೆತಂದು, ಓಟದ ಗೆರೆಯ ಪಕ್ಕ ಕೂರಿಸಿದ. ಮಕ್ಕಳು ಅಜ್ಜಿಯ ಎರಡೂ ಬದಿಗೆ ನಿಂತರು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆಸ್ಪತ್ರೆಯೊಂದರ ಲಿಫ್ಟು ಕೆಟ್ಟು ನಿಂತಿತ್ತು. ಅವನು ಹೆಂಡತಿಯ ಮುಖ ನೋಡಿದ. "ಹೋಗಿ, ಒಳಗಿದ್ದೋರಿಗೆ ಉಸಿರು ಬೇಕು" ಎಂದಳು.

ಪಾರ್ಕಿನ ಸುತ್ತ ಐದು ಸುತ್ತು ಓಡಬೇಕು. ಮೊದಲ ಸುತ್ತು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ನಾಲ್ಕನೆಯವಳಾಗಿ ಗೆರೆಯ ಹತ್ತಿರ ಬಂದಳು, ಮುಂದೆ ನರ್ಸಕ್ಕನ ಬೆನ್ನು ಕಾಣುತ್ತಿತ್ತು. ಆಗ ಮಗ ಕೈ ಎತ್ತಿದ.

ಅವಳು ನಿಂತಳು. ನಿಂತದ್ದಷ್ಟೇ ಅಲ್ಲ, ಬಗ್ಗಿದಳು. "ಏನಾಯ್ತೋ?"

ಮಗ ಕಣ್ಣು ಪಿಳಿಪಿಳಿ ಬಿಟ್ಟ. "ಏನೂ ಆಗಿಲ್ವಲ್ಲಮ್ಮ. ಸುಮ್ನೆ ಕೈ ಬೀಸ್ದೆ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಹಿಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ದಾಟಿ ಹೋದರು. ಮಗಳು ಕಿವಿಯವರೆಗೂ ಕೆಂಪಾಗಿ "ಅಮ್ಮಾ, ಓಡು" ಎಂದಾಗಲೇ ಅವಳಿಗೆ ತಾನೆಲ್ಲಿದ್ದೇನೆ ಎಂಬುದು ನೆನಪಾದದ್ದು.

ಎರಡನೆಯ ಸುತ್ತನ್ನು ನಾಚಿಕೆಯಲ್ಲೇ ಓಡಿದಳು. ಯಾರೂ ನಿಲ್ಲಿಸಿರಲಿಲ್ಲ, ಯಾರೂ ಕರೆದಿರಲಿಲ್ಲ. ಮೂರು ವರ್ಷ ಮಕ್ಕಳ ತಲೆಗೆ ಕಟ್ಟಿದ್ದ ಚಾಳಿ ತನ್ನದೇ ಆಗಿತ್ತು. ಇನ್ನು ಬ್ರಹ್ಮ ಬಂದರೂ ನಿಲ್ಲಬಾರದು ಎಂದುಕೊಂಡು ಗೆರೆಯ ಹತ್ತಿರ ಬಂದರೆ, ಮಕ್ಕಳಿಬ್ಬರೂ ಓಟದ ದಾರಿಗೆ ಬೆನ್ನು ತಿರುಗಿಸಿ ನಿಂತಿದ್ದರು.

ಅಮ್ಮನನ್ನು ನೋಡಲೂ ನಾಚಿಕೆಯಾಗಿದೆ ಇವರಿಗೆ ಎಂದುಕೊಂಡಳು. ಮೂರನೆಯ ಸುತ್ತಿಗೂ ಅವೇ ಎರಡು ಬೆನ್ನು, ಒಂದು ಉದ್ದ, ಒಂದು ಗಿಡ್ಡ. ಕಾಲು ತಾನಾಗಿ ನಿಧಾನವಾಯಿತು. ಕುರ್ಚಿಯಿಂದ ಅತ್ತೆ ಗದರಿದರು. "ಏನ್ ನೋಡ್ತಿದ್ದೀಯಾ? ನಡಿ ಮುಂದೆ."

ಅತ್ತೆಯ ಗದರಿಕೆ ಚಾಟಿಯ ಕೆಲಸ ಮಾಡಿತು. ಮಕ್ಕಳು ನೋಡದಿದ್ದರೆ ಕತ್ತೆ ಬಾಲ, ನಾನು ಓಡಿಯೇ ತೀರುತ್ತೇನೆ ಎಂಬ ಸಿಟ್ಟು ಕಾಲಿಗಿಳಿಯಿತು. ದಾಟಿಹೋದವರನ್ನು ಒಬ್ಬೊಬ್ಬರಾಗಿ ಹಿಂದೆ ಹಾಕಿದಳು. ಕೊನೆಯ ಸುತ್ತಿನಲ್ಲಿ ಅವಳ ಮುಂದೆ ಉಳಿದವರು ಮೂವರೇ, ಮೂರನೆಯವಳು ನರ್ಸಕ್ಕ. ತನಗೆ ಓಟ ಕಲಿಸಿದವಳ ಪಕ್ಕಕ್ಕೆ ಬಂದಾಗ ಒಂದು ಕ್ಷಣ ಸಂಕೋಚವಾಯಿತು. ನರ್ಸಕ್ಕ ಉಸಿರಿಲ್ಲದ ದನಿಯಲ್ಲಿ "ಮರ್ಯಾದೆ ಎಲ್ಲಾ ಆಮೇಲೆ, ಹೋಗೇ" ಎಂದಳು. ಅವಳು ಹೋದಳು. ಗೆರೆ ದಾಟಿದಾಗ ಅವಳಿಗಿಂತ ಮುಂದೆ ಇಬ್ಬರೇ ಇದ್ದರು.

ಹೆಮ್ಮೆ ಎಂದರೆ ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಟಲು ಒಣಗಿತ್ತು, ಕಣ್ಣು ಮಂಜಾಗಿತ್ತು, ಕಾಲು ತನ್ನವಲ್ಲ ಎನ್ನಿಸುತ್ತಿತ್ತು, ಆದರೂ ಇನ್ನೊಂದು ಸುತ್ತು ಓಡಿಬಿಡಬಲ್ಲೆ ಎನ್ನುವಷ್ಟು ಹಿಗ್ಗು. ಅಷ್ಟು ಹಿಗ್ಗಿನಲ್ಲೂ ಕಣ್ಣು ಮೊದಲು ಹುಡುಕಿದ್ದು ಆ ಎರಡು ಬೆನ್ನುಗಳನ್ನು. ಮಕ್ಕಳು ಇನ್ನೂ ತಿರುಗಿರಲಿಲ್ಲ. ಅವಳೇ ಹೋಗಿ ಮಗನ ಹೆಗಲು ಹಿಡಿದು ತನ್ನ ಕಡೆಗೆ ತಿರುಗಿಸಿದಳು.

ಅವನ ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆಗಳಿದ್ದವು. ಮಂಡಿ ತರಚಿ, ರಕ್ತ ಇಳಿದು, ಕಾಲುಚೀಲ ಕೆಂಪಾಗಿತ್ತು. ಮಂಡಿಗೆ ಅಜ್ಜಿಯ ಕರ್ಚೀಫು ಬಿಗಿದಿತ್ತು.

"ನಾನು ಸದ್ದು ಮಾಡಿ ಅಳ್ಲಿಲ್ಲ" ಎಂದ ಮಗ.

"ನಿನ್ನ ನೋಡ್ಬೇಕು ಅಂತ ಬೇಲಿ ಹತ್ತಿ ಬಿದ್ದ" ಎಂದಳು ಮಗಳು. "ಸುಮ್ನೆ ಕೈ ಬೀಸಿದ್ರೇ ನಿಂತ್ಯಲ್ಲ, ಇವನ ಮುಖ ನೋಡಿದ್ರೆ ಇನ್ನು ಓಡ್ತಿದ್ಯಾ? ಅದಕ್ಕೆ ತಿರುಗಿಸಿ ನಿಲ್ಲಿಸ್ದೆ. ಇವನೊಬ್ಬನೇ ತಿರುಗಿದ್ರೆ ನಿಂಗೆ ಅನುಮಾನ ಬರುತ್ತೆ ಅಂತ ನಾನೂ ತಿರುಗಿದೆ."

ಅತ್ತೆ ಏನೂ ತಿಳಿಯದವರಂತೆ ಆಕಾಶ ನೋಡುತ್ತಿದ್ದರು.

ಯಾರ ಕಣ್ಣಿಗೆ ಕಾಣಲೆಂದು ಇಷ್ಟು ದಿನ ಹೆಣಗಿದಳೋ ಅವರು ತನ್ನನ್ನು ಗೆಲ್ಲಿಸಲೆಂದು ಗೆಲುವನ್ನೇ ನೋಡದೆ ನಿಂತಿದ್ದರು. "ಹಾಗಾದ್ರೆ ನಾನು ಬಂದಿದ್ದು ನೀನು ನೋಡ್ಲೇ ಇಲ್ವಾ?" ಎಂದು ಮಗಳನ್ನು ಕೇಳಿದಳು.

"ಕೇಳಿಸ್ಕೊಂಡೆ. ಇಬ್ರು ಹೋದ್ರು, ಆಮೇಲೆ ನೀನು. ನಿನ್ನ ಹೆಜ್ಜೆ ನಂಗೆ ಗೊತ್ತಾಗಲ್ವಾ?" ಮಗಳ ಮುಖದಲ್ಲಿ ಈಗ ನಗು ಹಿಡಿಸಲಾರದಷ್ಟಿತ್ತು.

ಅವಳು ಮಗಳ ತಲೆಯನ್ನು ಎದೆಗೊತ್ತಿಕೊಂಡಳು. ಆಮೇಲೆ ಮೊಣಕಾಲೂರಿ ಕುಳಿತು, ಕರ್ಚೀಫು ಬಿಚ್ಚಿ, ಬಾಟಲಿಯ ನೀರಿನಿಂದ ಮಗನ ಗಾಯ ತೊಳೆಯತೊಡಗಿದಳು. ಅಷ್ಟರಲ್ಲಿ ಮೈಕು ಮೂರನೆಯ ಸ್ಥಾನದವರನ್ನು ವೇದಿಕೆಗೆ ಕರೆಯಿತು. ಇನ್ನೊಮ್ಮೆ ಕರೆಯಿತು. "ಒಂದ್ ನಿಮಿಷ, ಇದೊಂದು ಮುಗಿಸಿ..." ಎಂದಳು ಅವಳು, ಯಾರಿಗೆಂದಿಲ್ಲ.

"ಯಾಕೆ, ನಾನೇನು ಸತ್ತಿದ್ದೀನಾ?" ಎಂದು ಅತ್ತೆ ಕುರ್ಚಿಯಿಂದ ಬಗ್ಗಿ ಬಾಟಲಿ ಕಿತ್ತುಕೊಂಡರು. "ಎದ್ದೇಳು. ನನ್ನ ಸೊಸೆ ಎಲ್ಲಿ ಅಂತ ಊರೆಲ್ಲಾ ಹುಡುಕ್ತಿದೆ."

ಗಾಯ ಇನ್ನೂ ಅರ್ಧವಷ್ಟೇ ತೊಳೆದಿತ್ತು. ಅದನ್ನು ಅರ್ಧಕ್ಕೇ ಬಿಟ್ಟು ಅವಳು ಎದ್ದಳು. ವೇದಿಕೆಯ ಮೇಲೆ ಪದಕ ಹಾಕಿದವರು ಗಾಯ ತೊಳೆದ ಅವಳ ಕೈ ಕುಲುಕಿದಾಗ ಅವರ ಕೈಯೂ ಒದ್ದೆಯಾಯಿತು. ಅವಳು ತಪ್ಪಾಯಿತು ಎನ್ನಲಿಲ್ಲ, ತಲೆಯೆತ್ತಿ ನಿಂತಳು.